ರಿಯೊದ ಹಲಸು, ಸಾನಪಾಡಾದ ಸಾಬುದಾನಿ

ಸೆಕೆಯ ವಿಷಯದಲ್ಲಿ ನನಗೊಂದು ಜಂಬವಿತ್ತು. ಹುಟ್ಟಿ ಬೆಳೆದದ್ದು ಕುಮಟಾ ಹತ್ತಿರದ ಹಳ್ಳಿ, ಎಂ.ಟೆಕ್ ಓದಿದ್ದು ಸುರತ್ಕಲ್ಲಿನಲ್ಲಿ, ಕಳೆದ 11 ವರ್ಷಗಳಿಂದ ಬೆವರು ಸುರಿಸುತ್ತಿರುವುದು ನವಿ ಮುಂಬಯಿಯ ಸಾನಪಾಡಾದಲ್ಲಿ. ಮೂರೂ ಕಡೆ ಅದೇ ಅರಬ್ಬೀ ಸಮುದ್ರ, ಅದೇ ಅಂಟು ಗಾಳಿ. ಮೇ ತಿಂಗಳ ಮಧ್ಯಾಹ್ನ ಸಾನಪಾಡಾ ಸ್ಟೇಷನ್ನಿನಲ್ಲಿ ಠಾಣೆ ಲೋಕಲ್ಲಿಗೆ ಕಾದು ಐರೋಲಿಯ ಆಫೀಸಿಗೆ ಹೋಗುವವನಿಗೆ ಲೋಕದ ಯಾವ ಊರಿನ ಸೆಕೆ ತಾನೇ ಏನು ಮಾಡೀತು?

ಆ ಜಂಬ ಇಳಿದದ್ದು 2025ರ ಫೆಬ್ರವರಿ 15ರ ಶನಿವಾರ, ಮಧ್ಯಾಹ್ನ ಒಂದೂವರೆಗೆ, ಬ್ರೆಜಿಲ್ಲಿನ ರಿಯೊ ಡಿ ಜನೈರೊ ನಗರದ ಕೋಪಕಬಾನಾ ಕಡಲ ದಂಡೆಯಲ್ಲಿ. ಜೀನ್ಸು, ಬೂಟು, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ. ದಂಡೆಯುದ್ದಕ್ಕೂ ಕಪ್ಪು ಬಿಳಿ ಕಲ್ಲುಗಳಲ್ಲಿ ಅಲೆಯ ಚಿತ್ತಾರ ಹಾಸಿದ ಪ್ರಸಿದ್ಧ ಕಾಲುದಾರಿಯಿದೆ. ಸುಮಾರು 4 ಕಿ.ಮೀ. ಉದ್ದದ ಅದನ್ನು ಈ ತುದಿಯಿಂದ ಆ ತುದಿಗೆ ನಡೆದೇ ನೋಡುತ್ತೇನೆಂದು ಹೊರಟಿದ್ದೆ. ಅರ್ಧ ದಾರಿಗೆ ಕಾಲಡಿಯ ಕಲ್ಲಿನ ಅಲೆಗಳು ನಿಜವಾಗಿಯೂ ಏಳುತ್ತಿರುವಂತೆ ಕಂಡವು. ಕಣ್ಣು ಕತ್ತಲೆಗಟ್ಟಿ ಅಲ್ಲೇ ಕುಳಿತೆ.

ಪಕ್ಕದ ಗೂಡಂಗಡಿಯ ಹೆಂಗಸು, ವಯಸ್ಸು ಎಪ್ಪತ್ತರ ಹತ್ತಿರ ಇದ್ದೀತು, ಹೊರಬಂದು ನನ್ನ ತೋಳು ಹಿಡಿದು ಕೊಡೆಯ ನೆರಳಿಗೆ ಎಳೆದರು. ಬೂಟು ಬಿಚ್ಚು ಎಂದು ಕೈಸನ್ನೆಯಲ್ಲೇ ಗದರಿದರು. ಐಸಿನ ಪೆಟ್ಟಿಗೆಯಿಂದ ಎಳನೀರು ತೆಗೆದು, ಕೊಚ್ಚಿ, ನಳಿಕೆ ಹಾಕಿ ಕೈಗಿಟ್ಟರು. ಎರಡನೆಯದಕ್ಕೆ ದುಡ್ಡು ತೆಗೆದುಕೊಳ್ಳಲೇ ಇಲ್ಲ. ಅವರು ಹೇಳಿದ ಮಾತುಗಳಲ್ಲಿ ಅರ್ಥವಾದದ್ದು ಎರಡೇ: 'ಕೋಕು' ಮತ್ತು 'ಕಾಲೋರ್'. ಎಳನೀರು, ಸೆಕೆ. ನನ್ನ ಪೋರ್ಚುಗೀಸ್ ಪಾಠ ಶುರುವಾದದ್ದು ಹಾಗೆ.

ಹೊರಟ ಹೊತ್ತು

ಆಫೀಸಿನವರು ಕಳುಹಿಸಿದ್ದು ಮೂರು ವಾರಗಳ ಕೆಲಸಕ್ಕೆ. ಕೆಲಸ ಸೋಮವಾರದಿಂದ, ನಾನು ತಲುಪಿದ್ದು ಶುಕ್ರವಾರ ರಾತ್ರಿ. ಮುಂಬಯಿಯಿಂದ ನೇರ ವಿಮಾನವಿಲ್ಲ. ಅಡಿಸ್ ಅಬಾಬಾ, ಅಲ್ಲಿಂದ ಅಟ್ಲಾಂಟಿಕ್ ದಾಟಿ ಸಾವೊ ಪಾಲೊ, ಮತ್ತೆ ಇನ್ನೊಂದು ತಾಸಿನ ಹಾರಾಟ. ದೂರ 13 ಸಾವಿರ ಕಿ.ಮೀ.ಗೂ ಹೆಚ್ಚು. ಗಡಿಯಾರ ನಮಗಿಂತ ಎಂಟೂವರೆ ತಾಸು ಹಿಂದೆ. ಹೋಗುವ ಯೋಚನೆಯಿರುವವರಿಗೆ ಒಂದು ಮಾತು: ವೀಸಾದಷ್ಟೇ ಮುಖ್ಯ ಹಳದಿ ಜ್ವರದ ಲಸಿಕೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು ಆ ಹಳದಿ ಪುಸ್ತಕ ಪಾಸ್‌ಪೋರ್ಟ್ ಜತೆಗೇ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ತಿರುಗಿ ಬರುವಾಗ ನಮ್ಮ ದೇಶದಲ್ಲೇ ನಮ್ಮನ್ನು ಪ್ರತ್ಯೇಕವಾಗಿ ಇರಿಸಬಹುದು.

ಹೊರಡುವಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ಭಾರವಾದ ವಿಷಯವೊಂದಿತ್ತು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಆಯಿಯನ್ನು ಸಾನಪಾಡಾಕ್ಕೆ ಕರೆತಂದಿದ್ದೆವು. ಊರ ಮನೆಗೆ ಬೀಗ. ಈಗ ಮನೆ, ಹಿತ್ತಲು ಎಲ್ಲ ಸೇರಿ 14 ಗುಂಟೆಗೆ ಒಬ್ಬರು ಒಳ್ಳೆಯ ಬೆಲೆ ಹೇಳಿದ್ದರು. ಮಾರ್ಚ್ ಒಳಗೆ ಉತ್ತರ ಬೇಕಂತೆ. ಲೆಕ್ಕ ಹಾಕಿದರೆ ಮಾರುವುದೇ ಸರಿ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಬೇಕು, ತೋಟಕ್ಕೆ ಆಳಿಲ್ಲ, ಇಲ್ಲಿ ಫ್ಲ್ಯಾಟಿನ ಸಾಲ ಹಾಗೇ ಇದೆ. ಆಯಿಯನ್ನು ಕೇಳಿದರೆ, "ನಿಂಗೆ ಹ್ಯಾಂಗೆ ಸರಿ ಕಾಣ್ತದೋ ಹಾಂಗೆ ಮಾಡು ತಮಾ" ಎನ್ನುತ್ತಿದ್ದಳು. ಹಾಗೆಂದು ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೊರಗೆ ಇದ್ದದ್ದು ಎದುರು ಕಟ್ಟಡದ ಹವಾನಿಯಂತ್ರಕಗಳು.

ಗೊತ್ತಿದ್ದ ಪದಗಳು, ಗೊತ್ತಿಲ್ಲದ ಊರು

ರಿಯೊದವರು ತಮ್ಮ ಊರನ್ನು ರಿಯೊ ಎನ್ನುವುದಿಲ್ಲ. 'ಹೀಯು' ಎನ್ನುತ್ತಾರೆ. ಪದದ ಮೊದಲ 'ರ' ಅವರ ಬಾಯಲ್ಲಿ 'ಹ' ಆಗುತ್ತದೆ. ಅಲ್ಲಿಯ ದುಡ್ಡು 'ರಿಯಾಲ್' ಎಂದುಕೊಂಡು ಹೋದರೆ ಅಂಗಡಿಯಲ್ಲಿ ಕೇಳುವುದು 'ಹೆಆವ್'. ಮೊದಲ ದಿನ ಕಂಗಾಲಾದೆ. ಆಮೇಲೆ ನಗು ಬಂತು. 'ಪಾಲು' ಹಾಲಾಗಿ, 'ಪೂವು' ಹೂವಾದ ಭಾಷೆಯವನಿಗೆ ಇದೇನು ದೊಡ್ಡದು?

ಇಳಿದುಕೊಂಡಿದ್ದ ಸಣ್ಣ ವಸತಿಗೃಹದಲ್ಲಿ ಇನ್ನೊಂದು ಅಚ್ಚರಿ. ಎದುರು ಕುಳಿತ ಹುಡುಗ ಕೀಲಿಕೈ ಮುಂದೆ ಚಾಚಿ 'ಷಾವಿ' ಎಂದ. ಚಾವಿ! ಕೋಣೆಯ ಮೇಜು ಅವರಿಗೂ 'ಮೇಜಾ', ಅಲಮಾರು 'ಅರ್ಮಾರಿಯು'. ತಿಂಡಿಗೆ ಬಂದ ಬ್ರೆಡ್ಡು 'ಪಾಂವ್', ಅಂದರೆ ಸಾನಪಾಡಾದ ವಡಾಪಾವಿನ ಪಾವ್. ಆಲೂಗಡ್ಡೆ 'ಬಟಾಟಾ'. ನಮ್ಮ ಉತ್ತರ ಕನ್ನಡದ ಬಟಾಟೆ, ಕಾಕುವಿನ ಮನೆಯ ಬಟಾಟಾ. ಪೋರ್ಚುಗೀಸರು 1510ರಲ್ಲಿ ಗೋವೆಯಲ್ಲಿ ನೆಲೆಯೂರಿ ನಾಲ್ಕೂವರೆ ಶತಮಾನ ಕುಳಿತಿದ್ದರು. ಅವರು ಬಿಟ್ಟುಹೋದ ಪದಗಳು ನಮ್ಮ ಅಡಿಗೆಮನೆಯಲ್ಲಿ, ದೇವರ ಕೋಣೆಯ ಕಪಾಟಿನಲ್ಲಿ ಹೀಗೆ ಸದ್ದಿಲ್ಲದೆ ಕುಳಿತಿರುತ್ತವೆ ಎಂದು ಓದಿ ಗೊತ್ತಿತ್ತು. ಕೇಳಿ ಗೊತ್ತಾದದ್ದು ಆ ದಿನ.

ಹಾಗೆಂದು ಎಲ್ಲ ಪದಗಳೂ ಕೈ ಹಿಡಿಯಲಿಲ್ಲ. ರಿಯೊದ ಬೀದಿ ಮೂಲೆಗಳಲ್ಲಿ ಹಣ್ಣಿನ ರಸದ ಅಂಗಡಿಗಳು ಹೇರಳ. ಧೈರ್ಯ ಮಾಡಿ 'ಅನಾನಸ್' ಎಂದೆ. ಅಂಗಡಿಯವ ತಲೆ ಕೆರೆದುಕೊಂಡ. ನಮಗೆ ಅನಾನಸ್ ಎಂಬ ಹೆಸರು ಬಂದದ್ದೇ ಆ ಖಂಡದ ಮೂಲನಿವಾಸಿಗಳ ತುಪಿ ಗುಂಪಿನ ಭಾಷೆಗಳಿಂದ. ಆದರೆ ಬ್ರೆಜಿಲ್ಲಿನವರಿಗೆ ಈಗ ಅದು 'ಅಬಕಾಷೀ'. ಪೇರಲೆಗೆಂದು 'ಪೇರ' ಎಂದರೆ ಪೇರ್ ಹಣ್ಣಿನ ಚಿತ್ರ ತೋರಿಸಿದ. ಪೇರಲೆ ಅಲ್ಲಿ 'ಗೊಯಾಬಾ'. ಮೂರನೆಯ ಸಲ ಪಟ್ಟಿಯಲ್ಲಿದ್ದ ಚಿತ್ರದ ಮೇಲೆ ಬೆರಳಿಟ್ಟೆ. "ಕಾಜೂ!" ಎಂದ. ಗೇರು ಹಣ್ಣು!

ಗೇರು ಹಣ್ಣಿನ ರಸವನ್ನು ಗಾಜಿನ ಲೋಟದಲ್ಲಿ, ಐಸು ಹಾಕಿ, ಕುರ್ಚಿಯಲ್ಲಿ ಕುಳಿತು ದುಡ್ಡು ಕೊಟ್ಟು ಕುಡಿದದ್ದು ಜೀವನದಲ್ಲಿ ಅದೇ ಮೊದಲು. ನಮ್ಮೂರಲ್ಲಿ ಬೀಜ ತಿರುಚಿ ತೆಗೆದು ಹಣ್ಣು ಗುಡ್ಡದಲ್ಲೇ ಎಸೆಯುವುದು ಹೆಚ್ಚು. ಮಕ್ಕಳು ಉಪ್ಪು ಹಚ್ಚಿ ತಿಂದು ಅಂಗಿಗೆ ಕಲೆ ಮಾಡಿಕೊಂಡು ಬೈಸಿಕೊಳ್ಳುವುದು. ಕರಾವಳಿಯ ಗುಡ್ಡಗಳ ತುಂಬ ಗೇರು ನೋಡಿ ಬೆಳೆದ ನನಗೆ ಅದು ನಮ್ಮದೇ ಮರ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಅದರ ತವರು ಬ್ರೆಜಿಲ್. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಕಡಲತೀರಕ್ಕೆ ತಂದರು. ಮುಂಬಯಿಯವರು ಹೇಳುವ 'ಕಾಜು' ಕೂಡ ಅಲ್ಲಿಂದಲೇ ಬಂದ ಹೆಸರು.

ಬಂಡೆಯ ಮೇಲೆ ಚಪ್ಪಾಳೆ

ಶನಿವಾರ ಸಂಜೆಯ ಹೊತ್ತಿಗೆ ಬುದ್ಧಿ ಬಂದಿತ್ತು. ರಬ್ಬರು ಚಪ್ಪಲಿ, ಚಡ್ಡಿ, ತೆಳು ಬನಿಯನ್ನು ಕೊಂಡೆ. ಆ ಊರಲ್ಲಿ ಕಡಲತೀರದ ಬೀದಿಗಳಲ್ಲಿ ಅರ್ಧಕ್ಕರ್ಧ ಜನ ಅಂಗಿಯಿಲ್ಲದೆ ಓಡಾಡುತ್ತಾರೆ. ಬ್ಯಾಂಕಿನ ಎದುರು ಈಜುಡುಗೆಯಲ್ಲಿ ನಿಂತ ಅಜ್ಜನನ್ನು ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರೂ ತಿರುಗಿ ನೋಡುತ್ತಿದ್ದದ್ದು ನನ್ನ ಬೂಟನ್ನು.

ಕಾರ್ನಿವಲ್‌ಗೆ ಇನ್ನೂ ಎರಡು ವಾರವಿತ್ತು. ಆದರೆ ಬೀದಿ ಮೆರವಣಿಗೆಗಳು ಆಗಲೇ ಆರಂಭವಾಗಿದ್ದವು. ಮೆಟ್ರೊ ಡಬ್ಬಿಯಲ್ಲಿ ಮೈಗೆಲ್ಲ ಮಿನುಗು ಬಳಿದುಕೊಂಡವರು, ರೆಕ್ಕೆ ಕಟ್ಟಿಕೊಂಡವರು, ಕಿರೀಟದವರು ಬೆವರುತ್ತ ನಿಂತಿದ್ದರು. ರಾತ್ರಿಯಿಡೀ ಆಟ ಕುಣಿದು, ಬಣ್ಣ ಒರೆಸದೆ ಬೆಳಗಿನ ಬಸ್ಸು ಹತ್ತಿದ ಯಕ್ಷಗಾನ ಮೇಳದ ಹಾಗೆ.

ಕೋಪಕಬಾನಾ ಮುಗಿದು ಇಪನೆಮಾ ಆರಂಭವಾಗುವಲ್ಲಿ ಅರ್ಪೊಅದೋರ್ ಎಂಬ ಬಂಡೆ ಕಡಲಿಗೆ ಚಾಚಿಕೊಂಡಿದೆ. ಸಂಜೆ ಆರರ ನಂತರ ನೂರಾರು ಜನ ಅಲ್ಲಿ ಬಂದು ಕೂರುತ್ತಾರೆ. ಎದುರಿಗೆ 'ಅಣ್ಣ-ತಮ್ಮ' ಎಂಬರ್ಥದ ಹೆಸರಿನ ಜೋಡಿ ಬೆಟ್ಟ. ಸೂರ್ಯ ಆ ಬೆಟ್ಟದ ಬದಿಗೆ ಇಳಿದು ಮರೆಯಾದ ಕ್ಷಣಕ್ಕೆ ಬಂಡೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದಿನಾಲೂ ಹೀಗೆಯೇ ಅಂತೆ. ಕುಮಟಾದ ಕಡಲಿನಲ್ಲಿ ಸಾವಿರ ಸೂರ್ಯಾಸ್ತ ಕಂಡಿದ್ದೇನೆ. ಒಂದಕ್ಕೂ ಚಪ್ಪಾಳೆ ತಟ್ಟಿದ ನೆನಪಿಲ್ಲ. ನಾನೂ ತಟ್ಟಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲವಲ್ಲ ಎಂದು ಒಮ್ಮೆ ಗಂಟಲು ಕಟ್ಟಿತು. ಊರು ಬಿಟ್ಟವರಿಗೆ ಗೊತ್ತು, ಹೊಸ ಊರಿನ ಮೊದಲ ಎರಡು ಸಂಜೆಗಳು ಬಹಳ ಉದ್ದ. ಸಾನಪಾಡಾದ ಬಾಡಿಗೆ ಕೋಣೆಯಲ್ಲಿ 2014ರ ಮೊದಲ ಸಂಜೆಗಳೂ ಹೀಗೇ ಇದ್ದವು. ಅಲ್ಲಿ ಪಾಮ್ ಬೀಚ್ ರಸ್ತೆಯಲ್ಲಿ ಗೊತ್ತುಗುರಿಯಿಲ್ಲದೆ ನಡೆದು, ಕತ್ತಲಾದ ಮೇಲೆ ಮನೆಗೆ ಫೋನು ಮಾಡುತ್ತಿದ್ದೆ. ಆಗ ಫೋನು ಎತ್ತುತ್ತಿದ್ದದ್ದು ಅಪ್ಪ.

ಮಾಘದಲ್ಲಿ ಹಣ್ಣಾದ ಹಲಸು

ಭಾನುವಾರ ಬೆಳಿಗ್ಗೆ ಸೆಕೆ ಏರುವ ಮೊದಲೇ ಪಾರ್ಕಿ ಲಾಜಿ ಎಂಬ ಉದ್ಯಾನಕ್ಕೆ ಹೋದೆ. ಕ್ರಿಸ್ತನ ಪ್ರತಿಮೆ ನಿಂತಿರುವ ಕೊರ್ಕೊವಾದೊ ಬೆಟ್ಟದ ಬುಡದಲ್ಲಿದೆ ಅದು. 1931ರಲ್ಲಿ ಉದ್ಘಾಟನೆಯಾದ, ಪೀಠ ಬಿಟ್ಟೇ 30 ಮೀಟರ್ ಎತ್ತರದ ಆ ಪ್ರತಿಮೆಯನ್ನು ಚಿತ್ರದಲ್ಲಿ ನೋಡದವರಿಲ್ಲ. ಅದರ ಬಗ್ಗೆ ನಾನೇನು ಹೊಸದಾಗಿ ಹೇಳಲಿ? ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಟ್ಟದ ತುದಿಯಲ್ಲ, ಬುಡ.

ಉದ್ಯಾನದ ಹಿಂಭಾಗದಿಂದ ಕಾಡಿನ ಹಾದಿ ಹತ್ತುತ್ತದೆ. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಮೂಗಿಗೆ ಒಂದು ವಾಸನೆ ಬಡಿಯಿತು. ಈ ವಾಸನೆಗೆ ತಪ್ಪಿದವನಿಲ್ಲ. ತಲೆಯೆತ್ತಿದರೆ ಹಲಸು! ಒಂದಲ್ಲ, ಎರಡಲ್ಲ, ಕಣ್ಣು ಹಾಯಿಸಿದಲ್ಲೆಲ್ಲ ಹಲಸಿನ ಮರ. ಕಾಂಡಕ್ಕೆ ಜೋತುಬಿದ್ದ ಕಾಯಿ, ನೆಲಕ್ಕೆ ಬಿದ್ದು ಒಡೆದ ಹಣ್ಣು, ಅದರ ಮೇಲೆ ನೊಣ, ತೊಳೆ ಕಿತ್ತು ತಿನ್ನುತ್ತಿದ್ದ ಅಂಗೈಯಗಲದ ಪುಟ್ಟ ಮಂಗಗಳು. ನಮ್ಮಲ್ಲಿ ಫೆಬ್ರವರಿಗೆ ಗುಜ್ಜೆ ಬಿಟ್ಟಿರುತ್ತದೆ ಅಷ್ಟೆ. ಭೂಮಧ್ಯರೇಖೆಯ ಆಚೆ ಋತು ತಿರುಗುಮುರುಗು. ಅಲ್ಲಿ ಅದು ನಡುಬೇಸಿಗೆ.

ಆಯಿಗೆ ವಿಡಿಯೊ ಕರೆ ಮಾಡಿದೆ. ಅಲ್ಲಿ ಬೆಳಗಿನ ಒಂಬತ್ತೂವರೆ, ಸಾನಪಾಡಾದಲ್ಲಿ ಸಂಜೆ ಆರು. ಅಂದು ಸಂಕಷ್ಟಿ. ಅವಳ ಉಪವಾಸ, ಚಂದ್ರೋದಯಕ್ಕೆ ಇನ್ನೂ ಮೂರ್ನಾಲ್ಕು ತಾಸು ಇತ್ತು.

"ಉಪವಾಸಕ್ಕೆ ಎಂತ ತಿಂದೆ?" ಎಂದೆ.

"ಸಾಬುದಾನಿ ಖಿಚಡಿ. ಇವತ್ತು ನಾನೇ ಮಾಡಿದ್ದು. ಕಾಕು ಬಂದು ನೋಡಿ, ಹೀಂಗೇ ಉದುರುದುರು ಬರ್ಬೇಕು ಅಂದ್ಲು."

ಕಾಕು ಎಂದರೆ ನಮ್ಮ ಎದುರು ಬಾಗಿಲಿನ ಸಾತಾರಾ ಕಡೆಯ ಹೆಂಗಸು. ಆಯಿಗೆ ಮರಾಠಿ ಅಷ್ಟಕ್ಕಷ್ಟೆ, ಅವರಿಗೆ ಕನ್ನಡ ಸೊನ್ನೆ. ಆದರೂ ಇಬ್ಬರೂ ಮಧ್ಯಾಹ್ನವಿಡೀ ಮಾತಾಡುತ್ತಾರೆ. 'ಆಯಿ' ಎಂಬುದು ಎರಡೂ ಕಡೆ ತಾಯಿಯೇ ಆದ್ದರಿಂದ ಕಾಕುವಿನ ಮೊಮ್ಮಕ್ಕಳಿಗೂ ಅವಳು ಆಯಿಯೇ.

ಫೋನು ತಿರುಗಿಸಿ ಮರ ತೋರಿಸಿದೆ. "ಅಯ್ಯೋ! ಹಲಸಿನ ಮರ ಅಲ್ದಾ? ಮಾಘದಲ್ಲಿ ಹಣ್ಣಾಗಿದ್ಯಾ?" ಎಂದಳು. ಎದ್ದು ಕುಳಿತದ್ದು ತೆರೆಯಲ್ಲೇ ಕಂಡಿತು. "ಬಕ್ಕೆಯಾ, ಅಂಬ್ಲಿಯಾ? ಒಂದು ತೊಳೆ ಬಿಡ್ಸಿ ತೋರ್ಸು." ಎರಡು ವರ್ಷದಲ್ಲಿ ಅವಳ ದನಿಯಲ್ಲಿ ಆ ಚುರುಕು ಕೇಳಿರಲಿಲ್ಲ.

ಇದೇ ಸಮಯ ಎನಿಸಿತು. ವಕೀಲನ ಹಾಗೆ ವಾದ ಹೂಡಿದೆ. "ನೋಡು ಆಯಿ, ನಮ್ಮ ಹಲಸು ಇಷ್ಟು ದೂರ ಬಂದು ಎಷ್ಟು ಚಂದ ಬೇರು ಬಿಟ್ಟಿದೆ. ಎಲ್ಲಿ ಹೋದರೂ ಬದುಕಬಹುದು ಅಂತ ಇದಕ್ಕೇ ಹೇಳುವುದು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅಲ್ಲಿಗೆ ಬಂದದ್ದು ಬೀಜ ತಮಾ. ಮರ ಬರ್ಲಿಲ್ಲ. ಬೆಳೆದ ಮರ ಕಿತ್ತು ನೆಟ್ರೆ ಬದುಕ್ತದಾ?"

ನನ್ನ ಬಳಿ ಉತ್ತರವಿರಲಿಲ್ಲ. ನೆಟ್ವರ್ಕ್ ಸರಿಯಿಲ್ಲ ಎಂದು ಹೇಳಿ ಕರೆ ಮುಗಿಸಿದೆ. ನೆಟ್ವರ್ಕ್ ಸರಿಯಾಗಿಯೇ ಇತ್ತು.

ಅತಿಥಿಯೋ, ಒತ್ತುವರಿಯೋ

ಆ ಕಾಡಿನ ಕಥೆಯನ್ನು ಮರುದಿನ ಅಲ್ಲಿಯ ಸಹೋದ್ಯೋಗಿಯೊಬ್ಬರ ಬಾಯಿಂದ ಕೇಳಿದೆ. ಆಮೇಲೆ ಓದಿಯೂ ತಿಳಿದುಕೊಂಡೆ. ರಿಯೊ ನಗರದ ನಡುವೆಯೇ ಸುಮಾರು 40 ಚದರ ಕಿ.ಮೀ. ಹರಡಿರುವ ತಿಜೂಕಾ ರಾಷ್ಟ್ರೀಯ ಉದ್ಯಾನದ ದೊಡ್ಡ ಭಾಗ ಮನುಷ್ಯರು ನೆಟ್ಟು ಮರಳಿಸಿದ ಕಾಡು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕಾಫಿ ತೋಟಕ್ಕಾಗಿ ಆ ಬೆಟ್ಟಗಳನ್ನೆಲ್ಲ ಬೋಳಿಸಿದ್ದರು. ಝರಿಗಳು ಬತ್ತಿದವು. ನಗರಕ್ಕೆ ಕುಡಿಯುವ ನೀರಿಲ್ಲದಾಯಿತು. ಆಗ ಚಕ್ರವರ್ತಿ ಎರಡನೆಯ ಪೇದ್ರೊನ ಸರ್ಕಾರ 1861ರಲ್ಲಿ ಮೇಜರ್ ಆರ್ಚರ್ ಎಂಬವನಿಗೆ ಮತ್ತೆ ಕಾಡು ಬೆಳೆಸುವ ಕೆಲಸ ವಹಿಸಿತು. ಆರಂಭದಲ್ಲಿ ಅವನ ಕೈಕೆಳಗೆ ದುಡಿದವರು ಆರು ಮಂದಿ ಗುಲಾಮರು. ಬ್ರೆಜಿಲ್ಲಿನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಸುಮಾರು 13 ವರ್ಷಗಳಲ್ಲಿ ಒಂದು ಲಕ್ಷದಷ್ಟು ಗಿಡಗಳು ನೆಲ ಹಿಡಿದವು. ಪಾರ್ಸಿಕ್ ಬೆಟ್ಟವನ್ನು ಕಲ್ಲಿಗಾಗಿ ಕೊರೆದದ್ದನ್ನು ಆಫೀಸಿನ ದಾರಿಯಲ್ಲಿ ನೋಡುತ್ತ ಬಂದ ನನಗೆ, ಬೋಳಾದ ಬೆಟ್ಟವೂ ಮರಳಿ ಹಸಿರಾಗಬಹುದು ಎಂಬುದೇ ದೊಡ್ಡ ಸುದ್ದಿ.

ಆದರೆ ಹಲಸಿನ ಪಾಲಿಗೆ ಈ ಕಥೆಯ ಕೊನೆ ಬೇರೆ. ಪೋರ್ಚುಗೀಸರು ಬ್ರೆಜಿಲ್ಲಿಗೆ ಒಯ್ದ ಹಲಸು ಅಲ್ಲಿ 'ಜಾಕಾ' ಆಯಿತು. ಅದು ಮಲಯಾಳದ ಚಕ್ಕ. ನಮ್ಮ ಬಕ್ಕೆ ಅಲ್ಲಿ ಗಟ್ಟಿ ಜಾಕಾ, ನಮ್ಮ ಅಂಬ್ಲಿ ಅಲ್ಲಿ ಮೆದು ಜಾಕಾ. ಭೇದವೂ ಜತೆಗೇ ಹೋಗಿದೆ ನೋಡಿ. ಗುಜ್ಜೆಯನ್ನು ಬೇಯಿಸಿ ಎಳೆಎಳೆ ಬಿಡಿಸಿ ಮಾಂಸದ ಬದಲಿಗೆ ಬಳಸುವವರೂ ಈಗ ಅಲ್ಲಿದ್ದಾರೆ. ಆದರೂ ತಿಜೂಕಾ ಕಾಡಿನ ಮಟ್ಟಿಗೆ ಹಲಸು ಹೊರಗಿನ ಆಕ್ರಮಣಕಾರಿ ಜಾತಿ. ಬಿದ್ದ ಬೀಜವೆಲ್ಲ ಮೊಳೆತು, ದಟ್ಟವಾಗಿ ಎದ್ದು, ಸ್ಥಳೀಯ ಗಿಡಗಳಿಗೆ ಜಾಗ ಬಿಡುವುದಿಲ್ಲ. ಅದನ್ನು ತಡೆಯುವ ಕೆಲಸ ಅಲ್ಲಿ ನಡೆಯುತ್ತಿದೆ. ಕೇಳಿ ಸ್ವಲ್ಪ ನೋವಾಯಿತು. ನಮ್ಮ ಮನೆಯ ಹುಡುಗನ ಮೇಲೆ ದೂರು ಬಂದ ಹಾಗೆ. ಮರುಕ್ಷಣ ಬಂಡೀಪುರದ ಲಂಟಾನಾ ನೆನಪಾಯಿತು. ಅದೂ ಅಮೆರಿಕ ಖಂಡಗಳಿಂದ ಬಂದು ನಮ್ಮ ಕಾಡನ್ನು ಮುಚ್ಚಿ ಕುಳಿತ ಗಿಡ. ದೂರು ಎರಡೂ ಕಡೆ ಇದೆ.

ಹೊರಗಿನಿಂದ ಬಂದು ನೆಲೆಯೂರಿದ ಎಲ್ಲರಿಗೂ ಈ ಎರಡು ಮುಖ ಇರುತ್ತದೇನೋ. ಸಾನಪಾಡಾ ಇಂದು ಎತ್ತರದ ಕಟ್ಟಡಗಳ ಊರು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಹೊಸ ನಗರದ ಯೋಜನೆ ಹಾಕುವ ಮೊದಲು ಇಲ್ಲೆಲ್ಲ ಆಗ್ರಿ, ಕೋಳಿ ಜನರ ಹಳ್ಳಿಗಳು, ಗದ್ದೆ, ಉಪ್ಪಿನ ಆಗರ, ಮೀನುಗಾರಿಕೆ. ಭೂಮಿ ಹೋದದ್ದಕ್ಕೆ ಅವರು ಹೋರಾಡಿದರು. ಅಭಿವೃದ್ಧಿಯಾದ ಜಾಗದಲ್ಲಿ ಶೇ 12.5ರಷ್ಟು ಅವರಿಗೆ ಮರಳಿಸುವ ಯೋಜನೆ ಬಂದದ್ದು ಆ ಹೋರಾಟದ ನಂತರ. ಸಾನಪಾಡಾ ಗಾವ್‌ನ ಹಿರಿಯರೊಬ್ಬರು ಗಣಪತಿ ಮಂಟಪದಲ್ಲಿ ಒಮ್ಮೆ ನನ್ನನ್ನು "ಯಾವೂರು?" ಎಂದು ಕೇಳಿದ್ದರು. "ಇಲ್ಲೇ, ಸಾನಪಾಡಾ" ಎಂದಿದ್ದೆ. ಅವರು ನಕ್ಕಿದ್ದರು. ಆ ನಗು ಆಗ ಚುಚ್ಚಿತ್ತು. ತಿಜೂಕಾದ ಹಲಸಿನ ಕೆಳಗೆ ನಿಂತು ಬಂದ ಮೇಲೆ ಅದರ ಅರ್ಥ ಅಷ್ಟಿಷ್ಟು ಹೊಳೆಯುತ್ತಿದೆ. ನಾವು ಬೇರು ಬಿಟ್ಟ ನೆಲದಲ್ಲಿ ಮೊದಲು ಏನಿತ್ತು ಎಂಬುದನ್ನಾದರೂ ನಾವು ಕೇಳಿ ತಿಳಿದಿರಬೇಕು.

ರಿಯೊದ ಮಣ್ಣಿನ ಮಕ್ಕಳನ್ನು 'ಕರಿಯೋಕಾ' ಎನ್ನುತ್ತಾರೆ. ತುಂಬ ಹೆಮ್ಮೆಯ ಪದ. ಆದರೆ ಅದು ತುಪಿ ಭಾಷೆಯ ಪದ, 'ಬಿಳಿಯನ ಮನೆ' ಎಂದು ಅದರ ಮೂಲಾರ್ಥ ಎನ್ನುವುದುಂಟು. ಹೊರಗಿನವನನ್ನು ಗುರುತಿಸಲು ಇಟ್ಟ ಹೆಸರು ಈಗ ಒಳಗಿನವರ ಹೆಸರು!

ಒಂದೇ ಹಡಗು

ಈ ಊರಿಗೂ ನಮ್ಮೂರಿಗೂ ಇರುವ ನಂಟು ನಾನೆಂದುಕೊಂಡದ್ದಕ್ಕಿಂತ ಹಳೆಯದು. ಪೇದ್ರೊ ಅಲ್ವಾರಿಸ್ ಕಬ್ರಾಲ್ ಎಂಬ ಪೋರ್ಚುಗೀಸ್ ನಾವಿಕ 1500ರ ಏಪ್ರಿಲ್ 22ರಂದು ಬ್ರೆಜಿಲ್ ತೀರ ಕಂಡ ಎಂದು ಅಲ್ಲಿಯ ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಅವನು ಹೊರಟಿದ್ದದ್ದು ನಮ್ಮ ಕಲ್ಲಿಕೋಟೆಗೆ, ಮೆಣಸಿಗಾಗಿ. ಅಟ್ಲಾಂಟಿಕ್ಕಿನಲ್ಲಿ ಪಶ್ಚಿಮಕ್ಕೆ ದೂರ ಸರಿದಾಗ ಬ್ರೆಜಿಲ್ ಸಿಕ್ಕಿತು. ಅಲ್ಲಿಂದ ಮುಂದುವರಿದ ಅದೇ ಪಡೆ ಆಫ್ರಿಕವನ್ನು ಬಳಸಿ, ಸೆಪ್ಟೆಂಬರ್ 13ರಂದು ಕಲ್ಲಿಕೋಟೆ ಮುಟ್ಟುವ ಮುನ್ನ, ಹಡಗು ದುರಸ್ತಿಗೆ ತಂಗಿದ್ದು ಅಂಜುದೀವ್ ದ್ವೀಪದಲ್ಲಿ. ನಮ್ಮ ಕಾರವಾರದ ಎದುರಿಗೆ ಕಾಣುವ ಅದೇ ಅಂಜುದೀವ್! ಇಂದು ಅದು ಆಡಳಿತದಲ್ಲಿ ಗೋವೆಗೆ ಸೇರಿದ್ದು, ನೌಕಾನೆಲೆಯ ಅಲೆತಡೆ ಗೋಡೆಗೆ ಅಂಟಿಕೊಂಡಿದೆ. ಬ್ರೆಜಿಲ್ಲಿನ ಮರಳು ಮೆಟ್ಟಿದ ನಾವಿಕರು ಅದೇ ವರ್ಷ ನಮ್ಮ ಜಿಲ್ಲೆಯ ಎದುರು ಲಂಗರು ಹಾಕಿದ್ದರು. ಶಾಲೆಯಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಉಪವಾಸದ ಬಟ್ಟಲು

ಸೋಮವಾರ ಕೆಲಸ ಶುರು. ಫೆಬ್ರವರಿ 17ರ ಆ ದಿನ ನಗರದ ಪಶ್ಚಿಮ ಭಾಗದ ಗ್ವಾರಾತಿಬಾದಲ್ಲಿ 44 ಡಿಗ್ರಿ ದಾಖಲಾಯಿತು. ರಿಯೊದಲ್ಲಿ ಸೆಕೆಗೂ ಐದು ಹಂತಗಳ ಎಚ್ಚರಿಕೆ ವ್ಯವಸ್ಥೆಯಿದೆ, 2024ರಿಂದ ಜಾರಿಯಲ್ಲಿದೆ. ಅಂದು ಮೊತ್ತಮೊದಲ ಬಾರಿಗೆ ನಾಲ್ಕನೆಯ ಹಂತ ಘೋಷಿಸಿದರು. ಸಹೋದ್ಯೋಗಿಗಳು ಫೋನು ತೋರಿಸಿ, "ಬಿಸಿಲಿಗೆ ಹೊರಡಬೇಡಿ, ನೀರು ಕುಡಿಯುತ್ತಿರಿ" ಎಂದರು. ನಮ್ಮಲ್ಲಿ ಮಳೆಗೆ ಕೆಂಪು, ಕಿತ್ತಳೆ ಎಚ್ಚರಿಕೆ ಕೊಡುವಂತೆ ಅಲ್ಲಿ ಸೆಕೆಗೆ ನಗರಪಾಲಿಕೆಯೇ ಹೀಗೆ ಹಂತ ಹಾಕಿ ಹೇಳುವುದು ನನಗೆ ಹಿಡಿಸಿತು. ಕೋಪಕಬಾನಾದಲ್ಲಿ ಕುಸಿದವನ ಮಾನವೂ ಸ್ವಲ್ಪ ಉಳಿಯಿತು. ನನ್ನ ತಪ್ಪಲ್ಲ, ಸೆಕೆಯೇ ಅಂಥದ್ದು!

ಮಧ್ಯಾಹ್ನ ಊಟಕ್ಕೆ ತೂಕದ ಹೋಟೆಲಿಗೆ ಕರೆದೊಯ್ದರು. ಬೇಕಾದದ್ದನ್ನು ತಟ್ಟೆಗೆ ಬಡಿಸಿಕೊಂಡು ತಕ್ಕಡಿಯ ಮೇಲಿಟ್ಟರೆ ಗ್ರಾಂ ಲೆಕ್ಕದಲ್ಲಿ ಬಿಲ್ಲು. ಶಾಕಾಹಾರಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಆ ಊರಲ್ಲಿಲ್ಲ. ಆದರೆ ಕಪ್ಪು ಅವರೆಯ ಸಾರಿನಲ್ಲಿ ಹಲವೆಡೆ ಮಾಂಸ ಇರುತ್ತದೆ, ಕೇಳಿಯೇ ಹಾಕಿಸಿಕೊಳ್ಳಿ. ಅನ್ನದ ಪಕ್ಕದಲ್ಲಿ ಹುರಿದ ರವೆಯಂಥದ್ದೊಂದಿತ್ತು. "ಫರೋಫಾ, ಮಾಂಜಿಯೋಕಾದ ಹಿಟ್ಟು" ಎಂದರು. ಗೆಡ್ಡೆಯ ಚಿತ್ರ ತೋರಿಸಿದಾಗ ಗುರುತು ಸಿಕ್ಕಿತು. ನಮ್ಮ ಮರಗೆಣಸು. ಅದರ ತವರು ದಕ್ಷಿಣ ಅಮೆರಿಕ. ಅದರ ಪಿಷ್ಟದಿಂದಲೇ ನಮ್ಮ ಸೇಲಂನ ಕಾರ್ಖಾನೆಗಳಲ್ಲಿ ಸಾಬುದಾನಿ ಮಾಡುತ್ತಾರೆ.

ಚಮಚ ಕೈಯಲ್ಲೇ ನಿಂತಿತು. ಹಿಂದಿನ ದಿನ ಆಯಿ ಮಾಡಿದ ಖಿಚಡಿಯನ್ನು ಮನಸ್ಸಿನಲ್ಲೇ ಬಿಡಿಸಿದೆ. ಸಾಬುದಾನಿ, ಇಲ್ಲಿಯದು. ಬಟಾಟೆ, ಇದೇ ಖಂಡದ ಆಂಡಿಸ್ ಪರ್ವತಗಳದ್ದು. ಶೇಂಗಾ, ದಕ್ಷಿಣ ಅಮೆರಿಕದ್ದು. ಹಸಿಮೆಣಸು, ಅದೂ ಅಮೆರಿಕ ಖಂಡಗಳಿಂದ ಬಂದದ್ದೇ. ಉಳಿದದ್ದು ತುಪ್ಪ, ಜೀರಿಗೆ, ಉಪ್ಪು. ನಮ್ಮ ಸಂಕಷ್ಟಿಯ ಉಪವಾಸಕ್ಕೆ ನಡೆಯುವ, ಅನ್ನಕ್ಕಿಂತ ಮಡಿ ಎನಿಸಿಕೊಂಡ ಬಟ್ಟಲಿನ ಮುಕ್ಕಾಲು ಪಾಲು ಸಮುದ್ರದಾಚೆಯಿಂದ ಬಂದದ್ದು! ಐನೂರು ವರ್ಷದ ಹಿಂದೆ ಇವುಗಳಲ್ಲಿ ಒಂದೂ ನಮ್ಮಲ್ಲಿ ಇರಲಿಲ್ಲ. ಯಾರೋ ಬೆಳೆದರು, ಯಾರೋ ಬೇಯಿಸಿದರು, ಯಾರೋ ಒಬ್ಬ ಅಜ್ಜಿ ದೇವರ ಮುಂದೆಯೂ ಇಟ್ಟಳು. ಈಗ ಸಾತಾರಾದ ಕಾಕು ಕುಮಟಾದ ಆಯಿಗೆ ಅದನ್ನು ಕಲಿಸುತ್ತಿದ್ದಾರೆ.

ಆಯಿಯ ಮಾತು ಆಗ ಪೂರ್ತಿ ಒಳಗಿಳಿಯಿತು. ಗೇರು ಬಂತು, ಬಟಾಟೆ ಬಂತು, ಹಲಸು ಹೋಯಿತು. ಹೋದದ್ದೆಲ್ಲ ಬೀಜ, ಗೆಡ್ಡೆ, ಸಸಿ. ನಾನು ಇಪ್ಪತ್ತನಾಲ್ಕಕ್ಕೆ ಊರು ಬಿಟ್ಟೆ, ಬೀಜದ ಹಾಗೆ. ಎಲ್ಲಿ ಬಿದ್ದರೂ ಮೊಳೆಯುವ ವಯಸ್ಸು. ಅವಳನ್ನು ನಾವು ತಂದದ್ದು ಅರುವತ್ತೆಂಟಕ್ಕೆ. ಬುಡ ಕಡಿದು ತಂದು, ಇನ್ನೂ ಯಾಕೆ ಚಿಗುರಿಲ್ಲ ಎಂದು ದಿನಾ ನೋಡುತ್ತಿದ್ದೆವು. ಅವಳಾದರೋ ಅಷ್ಟರ ನಡುವೆಯೂ ಒಂದು ಖಿಚಡಿಯಷ್ಟು ಚಿಗುರಿದ್ದಳು. ಹಿಂದಿನ ಬೇರನ್ನೂ ಕತ್ತರಿಸಿ ಮಾರಿಬಿಟ್ಟರೆ ಆ ಚಿಗುರು ಯಾವುದರ ಬಲದಲ್ಲಿ ನಿಲ್ಲಬೇಕು?

ಆಮೇಲೆ

ಮೂರು ವಾರ ಮುಗಿಸಿ, ಮುಂಬಯಿ ನಿಲ್ದಾಣದಲ್ಲಿ ಹಳದಿ ಪುಸ್ತಕ ತೋರಿಸಿ ಮನೆಗೆ ಬಂದೆ. ಆ ವಾರವೇ ಕೊಳ್ಳುವವರಿಗೆ ಫೋನು ಮಾಡಿ, ಸದ್ಯಕ್ಕೆ ಮಾರುವುದಿಲ್ಲ ಎಂದೆ. ಲೆಕ್ಕದ ಪ್ರಕಾರ ಇದು ತಪ್ಪು ನಿರ್ಧಾರ ಎಂದು ಹೆಂಡತಿಯೂ ನಾನೂ ಕೂತು ಒಪ್ಪಿಕೊಂಡೆವು. ಫ್ಲ್ಯಾಟಿನ ಸಾಲದ ಕಂತು ಇನ್ನೂ ಒಂಬತ್ತು ವರ್ಷ ಇದೆ. ಹೆಂಚಿನ ಖರ್ಚಿಗೆ ಬೇರೆ ಉಳಿಸಬೇಕು. ಮುಂದೆ ಒಂದು ದಿನ ಮಾರುವ ಪ್ರಸಂಗ ಬರಲೂಬಹುದು. ಅವಳಿರುವಾಗ ಬೇಡ, ಅಷ್ಟೆ.

ಮೇ ಮೊದಲ ವಾರ ಮತ್ಸ್ಯಗಂಧಾದಲ್ಲಿ ಅವಳನ್ನು ಕರೆದುಕೊಂಡು ಊರಿಗೆ ಹೋದೆ. ಬೀಗ ತೆಗೆದಾಗ ಒಳಗೆಲ್ಲ ಗೆದ್ದಲು. ಹಿತ್ತಲಿನ ಬಕ್ಕೆ ಹಲಸು ಮಾತ್ರ ಬುಡದಿಂದ ತಲೆಯವರೆಗೆ ಕಾಯಿ ಹೊತ್ತು ನಿಂತಿತ್ತು. ಹಲಸು ಮುಗಿಯುವ ತನಕ ಅಲ್ಲೇ ಇರುತ್ತೇನೆ, ಮಳೆ ಜೋರಾದ ಮೇಲೆ ಬಂದು ಕರೆದುಕೊಂಡು ಹೋಗು ಎಂದಳು. ಪಕ್ಕದ ಮನೆಯವರನ್ನು ಜತೆಗಿರಿಸಿ ಒಬ್ಬನೇ ಸಾನಪಾಡಾಕ್ಕೆ ಮರಳಿದೆ.

ಹತ್ತು ದಿನ ಕಳೆದಿರಲಿಲ್ಲ, ಅವಳ ಫೋನು ಬಂತು. ಹಪ್ಪಳ ಇನ್ನೂರು ಆಗಿದೆಯಂತೆ, ಅರ್ಧ ಕಾಕುವಿಗೆ. ದನಿಯಲ್ಲಿ ಹಳೆಯ ಚುರುಕು. ಇಡುವ ಮುನ್ನ ಹೇಳಿದಳು: "ತಮಾ, ನಾಡಿದ್ದು ಸಂಕಷ್ಟಿ. ಇಲ್ಲಿ ಅಂಗಡೀಲಿ ಸಾಬುದಾನಿ ಸಣ್ಣ ಕಾಳಿಂದೇ ಸಿಗ್ತದೆ, ಮುದ್ದೆ ಆಗ್ತದೆ. ಮುಂದಿನ ಸಲ ಬರ್ತಾ ಅಲ್ಲಿಂದ ದೊಡ್ಡ ಕಾಳಿಂದು ಒಂದೆರಡು ಕಿಲೋ ತಗಂಡು ಬಾ. ಯಾವ ಅಂಗಡಿ ಅಂತ ಕಾಕುನ್ನ ಕೇಳು, ಅವ್ಳಿಗೆ ಗೊತ್ತಿದೆ."